ದಂಡಿನ ಪೇಟೆಯ ಇಸ್ಲಾಂ: ರಸೆಲ್ ಮಾರುಕಟ್ಟೆಯ ನೆರೆಯಲ್ಲಿ ನಂಬಿಕೆ ಮತ್ತು ಚರಿತ್ರೆ

ಬೆಂಗಳೂರಿನ ಶಿವಾಜಿನಗರದಲ್ಲಿ ಸಂತ ಮೇರಿ ಬೆಸಿಲಿಕಾದ ಎದುರು ಬದಿಗೆ ನಿಂತಿರುವ ರಸೆಲ್ ಮಾರುಕಟ್ಟೆಯು 1927ರಲ್ಲಿ ಬ್ರಿಟಿಷ್ ಆಡಳಿತ ಕಟ್ಟಿಸಿದ, ಆಗ ದಂಡು ಪ್ರದೇಶದ ಪುರಸಭೆಯ ಆಯುಕ್ತರಾಗಿದ್ದ ಟಿ. ಬಿ. ರಸೆಲ್ ಅವರ ಹೆಸರು ಹೊತ್ತ ಕಟ್ಟಡವಾಗಿದ್ದು, 1933ರಲ್ಲಿ ಅದನ್ನು ಉದ್ಘಾಟಿಸಿದವರು ಅದೇ ಪೇಟೆಯ ಹೆಸರಾಂತ ವರ್ತಕ ಹಾಜಿ ಸರ್ ಇಸ್ಮಾಯಿಲ್ ಸೇಟ್. ಇಂಥ ಕಟ್ಟಡಗಳ ಶೈಲಿಯನ್ನು ಇಂಡೋ-ಸಾರಸೆನಿಕ್ ಎಂದು ಕರೆಯುವುದು ರೂಢಿಯಾಗಿದ್ದು, ‘ಸಾರಸೆನ್’ ಎಂಬುದು ಮಧ್ಯಯುಗದ ಯುರೋಪು ಮುಸ್ಲಿಮರಿಗೆ ಇಟ್ಟಿದ್ದ ಹೆಸರು. ಸುಲ್ತಾನರ ಕಾಲದ ಕಮಾನು, ಬುರುಜುಗಳನ್ನು ಯುರೋಪಿನ ಕಟ್ಟಡ ವಿಧಾನಕ್ಕೆ ಹೊಂದಿಸಿದ್ದೇ ಆ ಶೈಲಿಯ ಲಕ್ಷಣ. ಹೀಗೆ ಕಟ್ಟಡದ ಮುಖದಲ್ಲಿ ಇಸ್ಲಾಮಿನ ಗುರುತು ಕಾಣುವುದು ಬ್ರಿಟಿಷರ ಅಭಿರುಚಿಯಿಂದಾದರೆ, ಅದರ ಒಳಗೂ ಹೊರಗೂ ನಡೆಯುವ ವ್ಯಾಪಾರದಲ್ಲಿ, ಮಾತಿನಲ್ಲಿ, ಹೊತ್ತಿನ ಲೆಕ್ಕದಲ್ಲಿ ಕಾಣುವ ಇಸ್ಲಾಂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದಾರಿಗಳಲ್ಲಿ ಇಲ್ಲಿಗೆ ಬಂದು ಸೇರಿದ ಜನರದ್ದು.

ಇಸ್ಲಾಮನ್ನು ಒಂದೇ ಅಚ್ಚಿನ ಧರ್ಮವೆಂದು ಹೊರಗಿನವರು ಭಾವಿಸುವುದುಂಟು. ಅದರ ತಿರುಳಾದ ನಂಬಿಕೆಗಳು ಎಲ್ಲೆಡೆ ಒಂದೇ ಎಂಬುದು ನಿಜವಾದರೂ, ಆ ನಂಬಿಕೆಯನ್ನು ಆಡುವ ಪದ, ಆಚರಿಸುವ ಹೊತ್ತು, ಅಳೆಯುವ ಅಳತೆ ಇವುಗಳಲ್ಲಿ ಅದು ನಡೆದುಬಂದ ದಾರಿಯ ಗುರುತು ಉಳಿದಿರುತ್ತದೆ. ಈ ಗುರುತುಗಳನ್ನು ಓದುವುದಕ್ಕೆ ಶಿವಾಜಿನಗರದ ಪೇಟೆ ತಕ್ಕ ಜಾಗ. ಏಕೆಂದರೆ ಕರ್ನಾಟಕಕ್ಕೆ ಇಸ್ಲಾಂ ಬಂದ ಎರಡು ದಾರಿಗಳು, ಅಂದರೆ ಕರಾವಳಿಯ ನೀರಿನ ದಾರಿ ಮತ್ತು ದಖ್ಖನಿನ ನೆಲದ ದಾರಿ, ಈ ಪೇಟೆಯಲ್ಲಿ ಕೂಡಿಕೊಂಡಿವೆ.

ನಂಬಿಕೆಯ ತಿರುಳು

‘ಇಸ್ಲಾಂ’ ಎಂಬ ಅರಬಿ ಪದಕ್ಕೆ ದೇವರ ಇಚ್ಛೆಗೆ ತನ್ನನ್ನು ಒಪ್ಪಿಸಿಕೊಳ್ಳುವುದು ಎಂದರ್ಥ. ಹಾಗೆ ಒಪ್ಪಿಸಿಕೊಂಡವನು ‘ಮುಸ್ಲಿಂ’. ಸುಮಾರು 570ರಲ್ಲಿ ಅರೇಬಿಯಾದ ಮಕ್ಕಾದಲ್ಲಿ ಖುರೈಶ್ ಬುಡಕಟ್ಟಿನಲ್ಲಿ ಹುಟ್ಟಿದ ಮುಹಮ್ಮದರು ಚಿಕ್ಕಂದಿನಲ್ಲೇ ತಂದೆತಾಯಿಯರನ್ನು ಕಳೆದುಕೊಂಡು, ಬೆಳೆದ ಮೇಲೆ ಸರಕಿನ ಸಾರ್ಥಗಳೊಂದಿಗೆ ಸಿರಿಯಾದ ಕಡೆಗೆ ಹೋಗಿಬರುವ ವ್ಯಾಪಾರದಲ್ಲಿ ತೊಡಗಿದ್ದರು. ಅವರು ಮದುವೆಯಾದ ಖದೀಜಾ ಸ್ವತಃ ಅನುಕೂಲಸ್ಥ ವರ್ತಕಿಯಾಗಿದ್ದರು. 610ರಲ್ಲಿ ಮಕ್ಕಾದ ಬಳಿಯ ಹಿರಾ ಗುಹೆಯಲ್ಲಿ ಅವರಿಗೆ ಮೊದಲ ದೈವವಾಣಿ ಬಂತೆಂದೂ, ಅಲ್ಲಿಂದ ಮುಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಬಿಡಿಬಿಡಿಯಾಗಿ ಇಳಿದುಬಂದ ವಾಣಿಯೇ 114 ಸೂರಾ ಅಥವಾ ಅಧ್ಯಾಯಗಳ ಕುರ್‌ಆನ್ ಎಂದೂ ಮುಸ್ಲಿಮರು ನಂಬುತ್ತಾರೆ. ಪ್ರವಾದಿಯವರ ನಡೆ ನುಡಿಗಳ ವರದಿಗಳನ್ನು ‘ಹದೀಸ್’ ಎನ್ನುತ್ತಾರೆ. ಅವರು ಹಾಕಿಕೊಟ್ಟ ರೂಢಿ ‘ಸುನ್ನತ್’. ಧರ್ಮದ ನಿಯಮಗಳೆಲ್ಲ ಮೊದಲು ಕುರ್‌ಆನನ್ನೂ ನಂತರ ಸುನ್ನತ್ತನ್ನೂ ಆಧರಿಸಿ ನಿಂತಿವೆ.

ನಂಬಬೇಕಾದ ಸಂಗತಿಗಳು ಸಾಂಪ್ರದಾಯಿಕ ಎಣಿಕೆಯಲ್ಲಿ ಆರು: ಏಕೈಕ ದೇವರಾದ ಅಲ್ಲಾಹ, ಅವನ ದೂತರಾದ ದೇವಚರರು, ಅವನು ಕಳುಹಿಸಿದ ಗ್ರಂಥಗಳು, ಆದಮನಿಂದ ಮೊದಲ್ಗೊಂಡು ಇಬ್ರಾಹಿಂ, ಮೂಸಾ, ಈಸಾ ಅವರನ್ನು ಒಳಗೊಂಡು ಮುಹಮ್ಮದರಲ್ಲಿ ಮುಗಿಯುವ ಪ್ರವಾದಿಗಳ ಸಾಲು, ಲೆಕ್ಕ ಒಪ್ಪಿಸಬೇಕಾದ ಕಡೆಯ ದಿನ, ಮತ್ತು ಒಳಿತು ಕೆಡುಕುಗಳ ವಿಧಿಯೆಲ್ಲ ದೇವರ ಅರಿವಿಗೆ ಒಳಪಟ್ಟದ್ದೆಂಬ ನಿಲುವು. ಮೂಸಾ ಎಂದರೆ ಬೈಬಲ್ಲಿನ ಮೋಸೆಸ್, ಈಸಾ ಎಂದರೆ ಯೇಸು. ಮಾರುಕಟ್ಟೆಯೆದುರಿನ ಬೆಸಿಲಿಕಾ ಯಾರ ಹೆಸರಿನಲ್ಲಿದೆಯೋ ಆ ಮೇರಿಯ ಹೆಸರನ್ನೇ ಕುರ್‌ಆನಿನ 19ನೆಯ ಅಧ್ಯಾಯ ಹೊತ್ತಿದ್ದು, ಅಲ್ಲಿ ಆಕೆಯನ್ನು ‘ಮರ್ಯಂ’ ಎಂದು ಕರೆಯಲಾಗಿದೆ. ಆದರೆ ಯೇಸುವನ್ನು ಇಸ್ಲಾಂ ಪ್ರವಾದಿಯೆಂದು ಗೌರವಿಸುತ್ತದೆಯೇ ಹೊರತು ದೇವರ ಮಗನೆಂದು ಒಪ್ಪುವುದಿಲ್ಲ.

ಆಚರಿಸಬೇಕಾದ ಕರ್ತವ್ಯಗಳು ಐದು. ಅಲ್ಲಾಹನಲ್ಲದೆ ಬೇರೆ ದೇವರಿಲ್ಲ, ಮುಹಮ್ಮದರು ಅವನ ದೂತರು ಎಂಬ ಸಾಕ್ಷ್ಯವಚನ ಮೊದಲನೆಯದು. ಇದನ್ನು ‘ಕಲಿಮಾ’ ಎನ್ನುತ್ತಾರೆ. ದಿನಕ್ಕೆ ಐದು ಹೊತ್ತಿನ ಪ್ರಾರ್ಥನೆ ಎರಡನೆಯದು, ರಂಜಾನ್ ತಿಂಗಳಿಡೀ ನಸುಕಿನಿಂದ ಸೂರ್ಯಾಸ್ತದವರೆಗೆ ಅನ್ನ ನೀರು ಬಿಡುವ ಉಪವಾಸ ಮೂರನೆಯದು, ಉಳಿತಾಯದ ಸಂಪತ್ತಿನಲ್ಲಿ ಶೇ. 2.5 ಭಾಗವನ್ನು ಬಡವರೇ ಮೊದಲಾದವರಿಗೆ ಕೊಡುವ ‘ಜಕಾತ್’ ನಾಲ್ಕನೆಯದು, ಶಕ್ತಿಯುಳ್ಳವರು ಬದುಕಿನಲ್ಲಿ ಒಮ್ಮೆ ಮಕ್ಕಾಕ್ಕೆ ಮಾಡಬೇಕಾದ ‘ಹಜ್’ ಯಾತ್ರೆ ಐದನೆಯದು.

ವ್ಯಾಪಾರಿಗಳ ನಡುವೆ ಹುಟ್ಟಿದ ಧರ್ಮವಾದ್ದರಿಂದ ಮಾರುಕಟ್ಟೆಯ ಬಗ್ಗೆ ಇದಕ್ಕೆ ಹೇಳುವುದು ಬಹಳವಿದೆ. ಕುರ್‌ಆನಿನ 83ನೆಯ ಅಧ್ಯಾಯದ ಹೆಸರೇ ತೂಕ ಅಳತೆಗಳಲ್ಲಿ ಮೋಸ ಮಾಡುವವರಿಗೆ ಸಂಬಂಧಿಸಿದ್ದು, ಕೊಳ್ಳುವಾಗ ತುಂಬ ಅಳೆದು ಕೊಡುವಾಗ ಕಡಿಮೆ ತೂಗುವವರನ್ನು ಅದು ಕಟುವಾಗಿ ಎಚ್ಚರಿಸುತ್ತದೆ. ‘ರಿಬಾ’ ಎಂಬ ಹೆಸರಿನಲ್ಲಿ ಬಡ್ಡಿಯನ್ನು ನಿಷೇಧಿಸಲಾಗಿದೆ. ಮಧ್ಯಯುಗದ ಮುಸ್ಲಿಂ ರಾಜ್ಯಗಳಲ್ಲಿ ತಕ್ಕಡಿ, ಬಟ್ಟು, ಸರಕಿನ ಗುಣಮಟ್ಟ ಪರೀಕ್ಷಿಸುವುದಕ್ಕೆ ‘ಮುಹ್ತಸಿಬ್’ ಎಂಬ ಅಧಿಕಾರಿಯಿರುತ್ತಿದ್ದ. ಶುಕ್ರವಾರದ ವಿಷಯದಲ್ಲಿ ಈ ನಂಟು ಇನ್ನೂ ಸ್ಪಷ್ಟವಾಗಿದೆ: 62ನೆಯ ಅಧ್ಯಾಯವು ಜುಮಾ ಪ್ರಾರ್ಥನೆಯ ಕರೆ ಕೇಳಿದಾಗ ವ್ಯಾಪಾರವನ್ನು ಬಿಟ್ಟು ಬರಬೇಕೆಂದೂ, ಪ್ರಾರ್ಥನೆ ಮುಗಿದ ಮೇಲೆ ಮತ್ತೆ ಹರಡಿಕೊಂಡು ದುಡಿಮೆಯಲ್ಲಿ ತೊಡಗಬೇಕೆಂದೂ ಹೇಳುತ್ತದೆ. ಯಹೂದ್ಯರ ಸಬ್ಬತ್ತಿನಂತೆ ಅಥವಾ ಕ್ರೈಸ್ತರ ಭಾನುವಾರದಂತೆ ಇದು ಬಿಡುವಿನ ದಿನವಾಗಿ ವಿಧಿಸಲ್ಪಟ್ಟದ್ದಲ್ಲ. ಆದ್ದರಿಂದಲೇ ಶಿವಾಜಿನಗರದ ಗಲ್ಲಿಗಳಲ್ಲಿ ಶುಕ್ರವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧಕ್ಕೆ ಇಳಿದು, ಸ್ವಲ್ಪ ಹೊತ್ತಿಗೇ ಮತ್ತೆ ಮೇಲೇರುತ್ತದೆ.

ಮದೀನಾದಿಂದ ಮುಂದೆ

ಮಕ್ಕಾದ ಪ್ರಮುಖರ ವಿರೋಧ ಹೆಚ್ಚಿದಾಗ ಪ್ರವಾದಿ ಮತ್ತು ಅವರ ಅನುಯಾಯಿಗಳು 622ರಲ್ಲಿ ಉತ್ತರದ ಮದೀನಾಕ್ಕೆ ವಲಸೆ ಹೋದರು. ಈ ವಲಸೆಯೇ ‘ಹಿಜ್ರತ್’, ಮತ್ತು ಮುಸ್ಲಿಂ ಪಂಚಾಂಗವಾದ ಹಿಜರಿ ಶಕೆ ಎಣಿಕೆಯಾಗುವುದು ಅಲ್ಲಿಂದ. ಹನ್ನೆರಡು ಚಾಂದ್ರಮಾಸಗಳ ಈ ವರ್ಷದಲ್ಲಿ 354 ಅಥವಾ 355 ದಿನಗಳಿದ್ದು, ಹಿಂದೂ ಪಂಚಾಂಗದಲ್ಲಿರುವಂತೆ ಅಧಿಕಮಾಸವನ್ನು ಸೇರಿಸಿ ಋತುಗಳಿಗೆ ಹೊಂದಿಸುವ ಏರ್ಪಾಡು ಇಲ್ಲದಿರುವುದರಿಂದ, ರಂಜಾನ್ ತಿಂಗಳು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಹಣ್ಣಿನ ಮಳಿಗೆಗಳಿಗೆ ಹೆಸರಾದ ರಸೆಲ್ ಮಾರುಕಟ್ಟೆಯಲ್ಲಿ ಇದರ ಪರಿಣಾಮ ನೇರವಾಗಿ ಕಾಣುತ್ತದೆ. ಉಪವಾಸ ಬಿಡುವ ತಟ್ಟೆಗೆ ಕೆಲವು ವರ್ಷ ಮಾವು ಬಂದರೆ, ಇನ್ನು ಕೆಲವು ವರ್ಷ ದ್ರಾಕ್ಷಿ, ಕಲ್ಲಂಗಡಿ ಬರುತ್ತವೆ. ಯಾವ ಋತುವಿನಲ್ಲಿಯೂ ಬದಲಾಗದೆ ಉಳಿಯುವುದು ಖರ್ಜೂರವೊಂದೇ, ಏಕೆಂದರೆ ಖರ್ಜೂರ ತಿಂದು ಉಪವಾಸ ಬಿಡುವುದು ಪ್ರವಾದಿಯವರ ಸುನ್ನತ್. ಮದೀನಾದ ಅಜ್ವಾ, ಇರಾನಿನ ಕಪ್ಪು ಮೆತ್ತನೆಯ ಕಿಮಿಯಾ ಮೊದಲಾದ ಬಗೆಗಳು ಆ ತಿಂಗಳಲ್ಲಿ ಪೆಟ್ಟಿಗೆಗಟ್ಟಲೆ ಬಂದು ಕೂರುವ ಮಳಿಗೆಗಳ ಸಾಲು ಈ ಮಾರುಕಟ್ಟೆಯ ಹೆಗ್ಗುರುತುಗಳಲ್ಲಿ ಒಂದು.

ಪ್ರವಾದಿಯವರು 630ರಲ್ಲಿ ಮಕ್ಕಾವನ್ನು ಪ್ರವೇಶಿಸಿ, 632ರಲ್ಲಿ ಮದೀನಾದಲ್ಲಿ ನಿಧನರಾದರು. ಸಮುದಾಯದ ನಾಯಕತ್ವ ಯಾರಿಗೆ ಸೇರಬೇಕೆಂಬ ಪ್ರಶ್ನೆಯಿಂದಲೇ ಇಸ್ಲಾಮಿನ ಮೊದಲ ದೊಡ್ಡ ಒಡಕು ಹುಟ್ಟಿತು. ಅಬೂಬಕರ್, ಉಮರ್, ಉಸ್ಮಾನ್, ಅಲಿ ಈ ನಾಲ್ವರು 632ರಿಂದ 661ರವರೆಗೆ ಕ್ರಮವಾಗಿ ಖಲೀಫರಾದುದನ್ನು ಒಪ್ಪುವವರು ಸುನ್ನಿಗಳಾದರೆ, ಪ್ರವಾದಿಯವರ ಅಳಿಯ ಅಲಿ ಮತ್ತು ಆತನ ಸಂತತಿಗೇ ನಾಯಕತ್ವ ಸಲ್ಲಬೇಕಿತ್ತೆಂದು ನಂಬುವವರು ಶಿಯಾಗಳು. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಅಲಿಯ ಮಗ ಹುಸೇನ್ ತನ್ನ ಚಿಕ್ಕ ತಂಡದೊಂದಿಗೆ ಕೊಲ್ಲಲ್ಪಟ್ಟ ಘಟನೆಯ ಶೋಕಾಚರಣೆಯೇ ಮೊಹರಂ. ಈ ಶೋಕ ಕನ್ನಡ ನಾಡಿನ ಹಳ್ಳಿಗಳಲ್ಲಿ ಶಿಯಾ, ಸುನ್ನಿ, ಹಿಂದೂ ಎಂಬ ಗೆರೆಗಳನ್ನು ದಾಟಿ, ಹಳೆಯ ಮೈಸೂರಿನ ಕಡೆ ಬಾಬಯ್ಯನ ಹಬ್ಬವಾಗಿ, ಉತ್ತರದಲ್ಲಿ ಅಲಾಯಿ ಹಬ್ಬವಾಗಿ, ಕನ್ನಡದಲ್ಲೇ ಹಾಡುವ ರಿವಾಯತ್ ಪದಗಳಾಗಿ ಬೇರುಬಿಟ್ಟಿರುವುದು ಜಾನಪದ ವಿದ್ವಾಂಸರಿಗೆ ಚಿರಪರಿಚಿತ ಸಂಗತಿ.

ಸುನ್ನಿಗಳೊಳಗೆ ನಿಯಮಗಳ ಅರ್ಥವಿವರಣೆಯಲ್ಲಿ ಎಂಟು ಮತ್ತು ಒಂಬತ್ತನೆಯ ಶತಮಾನಗಳ ವಿದ್ವಾಂಸರನ್ನು ಅನುಸರಿಸಿ ನಾಲ್ಕು ‘ಮಜ್‌ಹಬ್’ ಅಥವಾ ಶಾಸ್ತ್ರಪರಂಪರೆಗಳು ಬೆಳೆದವು: ಹನಫಿ, ಮಾಲಿಕಿ, ಶಾಫಿ, ಹಂಬಲಿ. ಇವು ಬೇರೆ ಬೇರೆ ಪಂಥಗಳಲ್ಲ. ಒಂದನ್ನು ಅನುಸರಿಸುವವರು ಉಳಿದ ಮೂರನ್ನೂ ಸರಿಯೆಂದೇ ಒಪ್ಪುತ್ತಾರೆ. ಇರಾಕಿನಲ್ಲಿ ಹುಟ್ಟಿ ಮಧ್ಯ ಏಷ್ಯಾದ ತುರ್ಕರೊಂದಿಗೆ ದಿಲ್ಲಿಗೂ ಅಲ್ಲಿಂದ ದಖ್ಖನಿಗೂ ಬಂದದ್ದು ಹನಫಿ. ಯೆಮನ್ ಮತ್ತು ಅರಬ್ ಕರಾವಳಿಯಿಂದ ಹಾಯಿಹಡಗುಗಳಲ್ಲಿ ಪಶ್ಚಿಮ ಕರಾವಳಿಗೂ, ಇನ್ನೂ ಮುಂದೆ ಸಿಂಹಳ, ಜಾವಾಗಳಿಗೂ ಹೋದದ್ದು ಶಾಫಿ. ಕರ್ನಾಟಕದ ಮುಸ್ಲಿಮರನ್ನು ಅರಿಯಲು ಈ ಎರಡು ಹೆಸರುಗಳು ಬಹುಮಟ್ಟಿಗೆ ಸಾಕು.

ನೀರಿನ ದಾರಿ, ನೆಲದ ದಾರಿ

ಅರಬ್ ವರ್ತಕರು ಇಸ್ಲಾಮಿಗೂ ಮೊದಲೇ ಮುಂಗಾರು ಗಾಳಿಯನ್ನು ನಂಬಿ ಮೆಣಸಿಗಾಗಿ ಮಲಬಾರಿಗೆ ಬಂದುಹೋಗುತ್ತಿದ್ದರು. ಮಂಗಳೂರು ಬಂದರಿನ ಜೀನತ್ ಬಕ್ಷ್ ಮಸೀದಿಯನ್ನೂ ಕಾಸರಗೋಡಿನ ತಳಂಗರೆಯ ಮಸೀದಿಯನ್ನೂ ಏಳನೆಯ ಶತಮಾನದ ಮಾಲಿಕ್ ದೀನಾರ್ ಪರಂಪರೆಗೆ ಜೋಡಿಸುವ ಐತಿಹ್ಯವು ಈ ಹಳೆಯ ನಂಟಿನ ನೆನಪು. ಹದಿನಾಲ್ಕನೆಯ ಶತಮಾನದ ಮೊರಾಕ್ಕೊ ಪ್ರವಾಸಿ ಇಬ್ನ್ ಬತೂತಾ ಹೊನ್ನಾವರದಲ್ಲಿ ಶಾಫಿ ಮುಸ್ಲಿಮರನ್ನು ಕಂಡು, ಅಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳಿದ್ದವೆಂದೂ, ಊರಿನ ಹೆಂಗಸರು ಕುರ್‌ಆನನ್ನು ಬಾಯಿಪಾಠ ಮಾಡಿದ್ದರೆಂದೂ ದಾಖಲಿಸಿದ್ದಾನೆ. ಭಟ್ಕಳದ ನವಾಯತರು, ದಕ್ಷಿಣ ಕನ್ನಡದ ಬ್ಯಾರಿಗಳು, ಮಲಬಾರಿನ ಮಾಪಿಳ್ಳೆಗಳು ಈ ದಾರಿಯ ವಾರಸುದಾರರು.

ನೆಲದ ದಾರಿಯದು ರಾಜ್ಯಗಳ ಮತ್ತು ಸೂಫಿಗಳ ಚರಿತ್ರೆ. 1347ರಲ್ಲಿ ದಿಲ್ಲಿಯಿಂದ ಸಿಡಿದು ಸ್ಥಾಪನೆಯಾದ ಬಹಮನಿ ರಾಜ್ಯಕ್ಕೆ ಕಲಬುರಗಿ ರಾಜಧಾನಿಯಾಯಿತು. ತೈಮೂರನ ದಾಳಿಯ ಹೊತ್ತಿಗೆ ದಿಲ್ಲಿ ತೊರೆದು ಅಲ್ಲಿಗೆ ಬಂದ ಚಿಶ್ತಿ ಸಂತ ಖ್ವಾಜಾ ಬಂದೇನವಾಜರು 1422ರಲ್ಲಿ ತೀರಿಕೊಂಡ ಮೇಲೆ ಅವರ ದರ್ಗಾ ಎಲ್ಲ ಜಾತಿಯವರೂ ನಡೆದುಕೊಳ್ಳುವ ಕ್ಷೇತ್ರವಾಯಿತು. ಸೂಫಿಯೆಂದರೆ ದೇವರನ್ನು ಪ್ರೇಮದ ಮೂಲಕ ಅರಸುವ ಅನುಭಾವಿ, ದರ್ಗಾ ಎಂದರೆ ಅವನ ಸಮಾಧಿ, ಉರುಸು ಎಂದರೆ ಅವನು ತೀರಿಕೊಂಡ ದಿನದ ಹಬ್ಬ. ‘ಉರ್ಸ್’ ಎಂಬ ಅರಬಿ ಪದಕ್ಕೆ ಮದುವೆಯೆಂದು ಅರ್ಥವಿದ್ದು, ಸಾವನ್ನು ದೇವರೊಡನೆ ಕೂಡುವ ದಿನವಾಗಿ ಅದು ಕಾಣಿಸುತ್ತದೆ. ಬಹಮನಿಯ ಬಳಿಕ ವಿಜಯಪುರದ ಆದಿಲ್‌ಶಾಹಿಗಳ ಕಾಲದಲ್ಲಿ ಪರ್ಷಿಯನ್, ಮರಾಠಿ, ಕನ್ನಡ, ತೆಲುಗುಗಳ ನೆರೆಯಲ್ಲಿ ಬೆಳೆದ ದಖ್ಖನಿ ಭಾಷೆಯೇ ಇಂದು ಶಿವಾಜಿನಗರದ ಬೀದಿಗಳಲ್ಲಿ ಕೇಳುವ ಉರ್ದುವಿನ ತಾಯಿಬೇರು. ಅದರ ‘ನಕ್ಕೋ’ ಎಂಬ ನಿರಾಕರಣೆ ದಿಲ್ಲಿಯದಲ್ಲ, ಮರಾಠಿಯ ‘ನಕೋ’ದಿಂದ ಬಂದದ್ದು.

ಬೆಂಗಳೂರಿಗೆ ಈ ದಾರಿ ತಲಪಿದ್ದು 1638ರಲ್ಲಿ, ಬಿಜಾಪುರದ ಸೇನಾನಿ ರಣದುಲ್ಲಾಖಾನನು ಕೆಂಪೇಗೌಡರ ವಂಶದಿಂದ ಕೋಟೆಯನ್ನು ಗೆದ್ದು ಅದು ಷಾಹಜಿಯ ಜಹಗೀರಾದಾಗ. 1687ರಲ್ಲಿ ಮೊಗಲರ ವಶವಾದ ಊರನ್ನು ಕೆಲವೇ ವರ್ಷಗಳಲ್ಲಿ ಚಿಕ್ಕದೇವರಾಜ ಒಡೆಯರು ಮೂರು ಲಕ್ಷ ರೂಪಾಯಿಗೆ ಕೊಂಡುಕೊಂಡರು; ಮುಂದೆ ಅದು ಹೈದರಾಲಿಗೆ ಜಹಗೀರಾಗಿ ಬಂತು. ಹಳೆಯ ಪೇಟೆಯ ತಾರಾಮಂಡಲಪೇಟೆಯ ಸಂಗೀನ್ ಜಾಮಿಯಾ ಮಸೀದಿಯೂ, ಕರಗದ ಮೆರವಣಿಗೆ ಭೇಟಿ ಕೊಡುವ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾವೂ ಈ ಹಂತಕ್ಕೆ ಸೇರಿದವು. ರಸೆಲ್ ಮಾರುಕಟ್ಟೆಯ ಸುತ್ತಣ ಮುಸ್ಲಿಂ ವಸತಿಯಾದರೋ ಇದಕ್ಕಿಂತ ಹೊಸದು, ಮತ್ತು ಅದರ ಹುಟ್ಟು ಬೇರೆ ಬಗೆಯದು.

ದಂಡಿನ ಹಿಂದೆ ಬಂದವರು

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೇನೆಗೆ ಅಲ್ಲಿನ ಹವೆ ಒಗ್ಗದೆ, 1809ರಲ್ಲಿ ಅದನ್ನು ಹಲಸೂರಿನ ಸುತ್ತಲಿನ ಬಯಲಿಗೆ ಸಾಗಿಸಲಾಯಿತು. ಹೀಗೆ ಹುಟ್ಟಿದ ಕಂಟೋನ್ಮೆಂಟನ್ನು ಕನ್ನಡಿಗರು ‘ದಂಡು’ ಎಂದರು. ಮದರಾಸು ಸೇನೆಯ ಭಾಗವಾಗಿದ್ದ ಈ ದಂಡಿನೊಂದಿಗೆ ತಮಿಳು ನಾಡಿನಿಂದ ಸಿಪಾಯಿಗಳು, ಕುದುರೆ ಸವಾರರು, ಕಸಾಯಿಗಳು, ದರ್ಜಿಗಳು, ಲಾಳ ಹೊಡೆಯುವವರು, ದಿನಸಿ ಒದಗಿಸುವ ಗುತ್ತಿಗೆದಾರರು ಬಂದರು. ಅವರಲ್ಲಿ ಆರ್ಕಾಟಿನ ದಖ್ಖನಿ ಮಾತಿನವರೂ ತಮಿಳು ಮಾತಿನ ಮುಸ್ಲಿಮರೂ ಸೇರಿದ್ದರು. ಆಗ ಬ್ಲ್ಯಾಕ್‌ಪಲ್ಲಿ ಎನಿಸಿಕೊಂಡಿದ್ದ ಇಂದಿನ ಶಿವಾಜಿನಗರ ಈ ಜನರ ಪೇಟೆಯಾಯಿತು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದಾಗಲೂ ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲೇ ಉಳಿದು, 1947ರ ಜುಲೈನಲ್ಲಷ್ಟೇ ಮೈಸೂರಿಗೆ ಸೇರಿತು. 1949ರಲ್ಲಿ ಎರಡು ಪುರಸಭೆಗಳು ಕೂಡಿ ಒಂದೇ ನಗರಪಾಲಿಕೆಯಾದವು. ಬೆಂಗಳೂರಿನೊಳಗೆ ಎರಡು ಊರು, ಎರಡು ಆಡಳಿತ, ಎರಡು ಭಾಷಾವಲಯಗಳಿದ್ದ ಈ ದೀರ್ಘ ಕಾಲವೇ ದಂಡಿನ ಮುಸ್ಲಿಮರ ಬದುಕು ಹಳೆಯ ಪೇಟೆಯವರಿಗಿಂತ ಭಿನ್ನವಾಗಲು ಕಾರಣ.

ದಂಡಿಗೆ ಬಂದವರ ವೃತ್ತಿಗಳನ್ನು ಅವರ ಪಂಗಡದ ಹೆಸರುಗಳೇ ಹೇಳುತ್ತವೆ. ತಮಿಳು ಮುಸ್ಲಿಮರಲ್ಲಿ ರಾವುತ್ತರ್ ಎಂಬ ಪಂಗಡದ ಹೆಸರು ಕುದುರೆ ಸವಾರನಿಗೆ ಕನ್ನಡದಲ್ಲಿರುವ ‘ರಾವುತ’ ಪದದ ನೆಂಟ. ಮಾಂಸದ ವ್ಯಾಪಾರದಲ್ಲಿ ತೊಡಗಿದ ಅನೇಕರು ತಮ್ಮನ್ನು ಖುರೇಶಿಗಳೆಂದು ಕರೆದುಕೊಳ್ಳುತ್ತಾರೆ, ಅದು ಪ್ರವಾದಿಯವರ ಬುಡಕಟ್ಟಿನ ಹೆಸರು. ಎಲ್ಲರನ್ನೂ ಒಂದೇ ಸಾಲಿನಲ್ಲಿ ಪ್ರಾರ್ಥನೆಗೆ ನಿಲ್ಲಿಸುವ ಧರ್ಮವೂ ಭಾರತದಲ್ಲಿ ‘ಬಿರಾದರಿ’ ಎಂಬ ಹುಟ್ಟಿನ ಗುಂಪುಗಳಿಗೆ ಒಗ್ಗಿಕೊಂಡದ್ದನ್ನು ಇಂಥ ಹೆಸರುಗಳು ತೋರಿಸುತ್ತವೆ. ಇರಾನಿನ ಶಿರಾಜ್‌ನಿಂದ 1824ರಲ್ಲಿ ಹದಿಹರೆಯದಲ್ಲೇ ಕುದುರೆಗಳೊಂದಿಗೆ ಬಂದ ಆಗಾ ಅಲಿ ಅಸ್ಕರ್ ಶಿಯಾ ಮುಸ್ಲಿಮರು; ಸೇನೆಗೂ ಅರಮನೆಗೂ ಕುದುರೆ ಮಾರಿ, ಮುಂದೆ ಕಟ್ಟಡದ ಗುತ್ತಿಗೆಗಳಲ್ಲೂ ಬೆಳೆದ ಅವರ ಹೆಸರು ನಗರದ ಅಲಿ ಅಸ್ಕರ್ ರಸ್ತೆಯಲ್ಲಿ ಉಳಿದಿದೆ. ಅವರ ಮೊಮ್ಮಗ ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದುದರಿಂದ, ರಸೆಲ್ ಮಾರುಕಟ್ಟೆ ತೆರೆದ ಹೊತ್ತಿನಲ್ಲಿ ಬೆಂಗಳೂರಿನ ಒಂದು ಭಾಗದ ಆಡಳಿತ ದಂಡಿನ ಕುದುರೆ ವ್ಯಾಪಾರಿಯ ಮೊಮ್ಮಗನ ಕೈಯಲ್ಲಿತ್ತು. ಆ ಮಾರುಕಟ್ಟೆ ನಿಂತಿದ್ದ ಭಾಗ ಮಾತ್ರ ಅವರ ಅಧಿಕಾರದ ಆಚೆಗಿತ್ತು.

ಮಾರುಕಟ್ಟೆಯನ್ನು ಉದ್ಘಾಟಿಸಿದವರ ಹೆಸರನ್ನೇ ಬಿಡಿಸಿ ನೋಡಿದರೆ ಆ ಕಾಲದ ದಂಡು ಕಣ್ಣಮುಂದೆ ಬರುತ್ತದೆ. ‘ಹಾಜಿ’ ಎಂದರೆ ಮಕ್ಕಾ ಯಾತ್ರೆ ಮುಗಿಸಿದವರು. ‘ಸರ್’ ಬ್ರಿಟಿಷ್ ಸಾಮ್ರಾಜ್ಯ ಕೊಟ್ಟ ಬಿರುದು. ‘ಇಸ್ಮಾಯಿಲ್’ ಇಬ್ರಾಹಿಮರ ಮಗನ ಹೆಸರು. ‘ಸೇಟ್’ ಎಂಬುದು ಸಂಸ್ಕೃತದ ಶ್ರೇಷ್ಠಿಯಿಂದ ಹುಟ್ಟಿ ಗುಜರಾತಿನ ಮೂಲಕ ಬಂದ ವರ್ತಕವಾಚಿ, ಕನ್ನಡದ ‘ಸೆಟ್ಟಿ’ಯ ಒಡಹುಟ್ಟು. 1859ರಲ್ಲಿ ಹುಟ್ಟಿ 1934ರಲ್ಲಿ ತೀರಿಕೊಂಡ ಅವರು ಕಚ್ಛಿ ಮೇಮನ್ ಸಮುದಾಯದವರು. ಲೋಹಾಣಾ ಎಂಬ ಹಿಂದೂ ವರ್ತಕ ಪಂಗಡದಿಂದ ಮತಾಂತರಗೊಂಡವರೆಂದು ಹೇಳಿಕೊಳ್ಳುವ ಮೇಮನ್ನರು ಹನಫಿಗಳಾಗಿದ್ದರೂ, ಆಸ್ತಿಯ ಹಂಚಿಕೆಯಲ್ಲಿ ಬಹುಕಾಲ ಹಳೆಯ ಹಿಂದೂ ರೂಢಿಯನ್ನೇ ಇಟ್ಟುಕೊಂಡಿದ್ದರು. ಮಗಳಿಗೆ ಕುರ್‌ಆನ್ ನಿಗದಿಪಡಿಸಿದ ಪಾಲು ಅದರಲ್ಲಿ ಇರಲಿಲ್ಲ, ಮತ್ತು 1847ರಲ್ಲಿ ಮುಂಬಯಿಯ ನ್ಯಾಯಾಲಯವೂ ಆ ರೂಢಿಯನ್ನೇ ಎತ್ತಿಹಿಡಿಯಿತು. 1937ರ ಷರಿಯತ್ ಕಾಯಿದೆ ಹಾಗೂ 1938ರ ಕಚ್ಛಿ ಮೇಮನ್ ಕಾಯಿದೆಗಳ ತರುವಾಯವೇ ಈ ಸ್ಥಿತಿ ಬದಲಾಯಿತು. ಕಮರ್ಷಿಯಲ್ ಸ್ಟ್ರೀಟ್ ಬಳಿಯ ಜುಮ್ಮಾ ಮಸೀದಿ, ಫ್ರೇಜರ್ ಟೌನಿನಲ್ಲಿ ಅವರ ಹೆಸರನ್ನೇ ಹೊತ್ತ ಮಸೀದಿ, ಶಿವಾಜಿನಗರದ ಗೋಷಾ ಆಸ್ಪತ್ರೆ ಈ ಮೂರೂ ಇಸ್ಮಾಯಿಲ್ ಸೇಟರ ಔದಾರ್ಯದೊಂದಿಗೆ ಬೆಸೆದುಕೊಂಡಿವೆ. ‘ಗೋಷಾ’ ಎಂಬ ಪರ್ಷಿಯನ್ ಪದಕ್ಕೆ ಮೂಲೆ, ಮರೆ ಎಂದರ್ಥ. ಪರದೆಯ ಪದ್ಧತಿಯಿದ್ದ ಮನೆಗಳ ಹೆಂಗಸರೂ ಸಂಕೋಚವಿಲ್ಲದೆ ಬರಲೆಂಬ ಉದ್ದೇಶ ಆಸ್ಪತ್ರೆಯ ಹೆಸರಿನಲ್ಲೇ ಇದೆ. ಇಂಥ ದತ್ತಿಗಳಿಗೆ ಇಸ್ಲಾಂ ಕೊಟ್ಟ ಸ್ಥಿರ ರೂಪ ‘ವಕ್ಫ್’, ಅಂದರೆ ಆಸ್ತಿಯನ್ನು ಮಾರಲೂ ಪಾಲು ಮಾಡಲೂ ಬಾರದಂತೆ ದೇವರ ಹೆಸರಿಗೆ ಮುಡಿಪಾಗಿಟ್ಟು ಅದರ ಹುಟ್ಟುವಳಿಯನ್ನು ಧರ್ಮಕಾರ್ಯಕ್ಕೆ ಬಳಸುವುದು.

ಪದ, ಹೊತ್ತು, ಅಳತೆ

ಎರಡು ದಾರಿಗಳ ಗುರುತು ಮೊದಲು ಕಾಣುವುದು ಪದಗಳಲ್ಲಿ. ದಖ್ಖನಿ ಮಾತಿನವರು ಪ್ರಾರ್ಥನೆಗೆ ‘ನಮಾಜ್’, ಉಪವಾಸಕ್ಕೆ ‘ರೋಜಾ’, ಪ್ರವಾದಿಗೆ ‘ಪೈಗಂಬರ್’, ದೇವರಿಗೆ ‘ಖುದಾ’ ಎನ್ನುತ್ತಾರೆ; ಇವುಗಳಲ್ಲಿ ಒಂದೂ ಅರಬಿಯಲ್ಲ, ಎಲ್ಲವೂ ಇರಾನಿನ ಮೂಲಕ ಹಾದುಬಂದ ನೆಲದ ದಾರಿಯ ಪರ್ಷಿಯನ್ ಪದಗಳು. ಅರಬಿಯ ‘ಸಲಾತ್’ ಎಂಬುದಕ್ಕೆ ಬದಲಾಗಿ ಇರಾನಿಯರು ತಮ್ಮಲ್ಲಿ ಮೊದಲೇ ಇದ್ದ ‘ನಮಾಜ್’ ಪದವನ್ನು ಬಳಸಿದರು. ಬಾಗುವುದು ಎಂಬ ಅರ್ಥದ ಅದರ ಧಾತುವೂ ಸಂಸ್ಕೃತದ ‘ನಮಸ್’ ಎಂಬುದರ ಧಾತುವೂ ಒಂದೇ ಎಂದು ಭಾಷಾವಿಜ್ಞಾನಿಗಳು ತೋರಿಸಿದ್ದಾರೆ. ನೀರಿನ ದಾರಿಯ ಮಾಪಿಳ್ಳೆ, ಬ್ಯಾರಿಗಳಾದರೋ ಪ್ರಾರ್ಥನೆಯನ್ನು ‘ನಿಸ್ಕಾರ’ ಎನ್ನುತ್ತಾರೆ, ಅದು ನಮಸ್ಕಾರದ್ದೇ ಬದಲಾದ ರೂಪ. ತಮಿಳು ಮುಸ್ಲಿಮರ ‘ತೊಳುಗೈ’ ಕೂಡ ಕೈಮುಗಿದು ವಂದಿಸುವುದಕ್ಕೆ ಆ ಭಾಷೆಯಲ್ಲಿ ಹಿಂದಿನಿಂದ ಇದ್ದ ಮಾತು. ಉಪವಾಸಕ್ಕೆ ಈ ಎಲ್ಲರೂ ಬಳಸುವ ‘ನೋಂಬು’ ಹಳಗನ್ನಡದ ಜೈನ ಕೃತಿಗಳ ಓದುಗರಿಗೆ ಅಪರಿಚಿತವಲ್ಲ, ಏಕೆಂದರೆ ಜೈನರ ವ್ರತವಾದ ‘ನೋಂಪಿ’ಯೂ ಅದೇ ಬೇರಿನದು. ಮಸೀದಿಗೆ ಮಲಯಾಳದಲ್ಲಿರುವ ‘ಪಳ್ಳಿ’ಯೂ ಹಿಂದೆ ಜೈನ, ಬೌದ್ಧ ನೆಲೆಗಳಿಗೆ ಸಲ್ಲುತ್ತಿದ್ದ ಹೆಸರು. ಹೀಗೆ ಒಂದು ದಾರಿಯವರು ಪರ್ಷಿಯನ್ ಪದಗಳನ್ನು ಹೊತ್ತು ತಂದರೆ, ಇನ್ನೊಂದು ದಾರಿಯವರು ದ್ರಾವಿಡ ನೆಲದ ಹಳೆಯ ವ್ರತಪದಗಳಲ್ಲೇ ಹೊಸ ಧರ್ಮವನ್ನು ಆಡಿಕೊಂಡರು. ಉಪವಾಸ ಬಿಡುವ ಇಫ್ತಾರಿನ ಸಂಜೆ ದಂಡಿನ ಮಸೀದಿಗಳಲ್ಲಿ ಹಂಚುವ ಗಂಜಿಯೂ ತಮಿಳರ ‘ನೋಂಬು ಕಂಜಿ’ಯ ಕಡೆಯದು, ಅದರ ಪಕ್ಕದಲ್ಲೇ ಮಾರಾಟವಾಗುವ ಹಲೀಮ್ ಅರಬ್ಬರ ಹರೀಸ್ ಎಂಬ ಗೋಧಿ ಮಾಂಸದ ಅಡುಗೆ ದಖ್ಖನಿನಲ್ಲಿ ತಾಳಿದ ರೂಪ.

ಎರಡನೆಯ ಗುರುತು ಹೊತ್ತಿನದು. ಮಧ್ಯಾಹ್ನಾನಂತರದ ‘ಅಸರ್’ ಪ್ರಾರ್ಥನೆಯ ವೇಳೆ, ಒಂದು ವಸ್ತುವಿನ ನೆರಳು ನಡುಹಗಲಿನ ನೆರಳನ್ನು ಬಿಟ್ಟು ಅದರ ಎತ್ತರಕ್ಕೆ ಸಮನಾದಾಗ ಶುರುವಾಗುತ್ತದೆಂದು ಶಾಫಿಗಳೂ, ಎರಡರಷ್ಟಾದಾಗ ಶುರುವಾಗುತ್ತದೆಂದು ಹನಫಿಗಳೂ ಎಣಿಸುವುದರಿಂದ, ಬೆಂಗಳೂರಿನ ಬಿಸಿಲಿನಲ್ಲಿ ಎರಡು ಪರಂಪರೆಯ ಮಸೀದಿಗಳ ಅಜಾನ್ ಅಂದರೆ ಪ್ರಾರ್ಥನೆಯ ಕರೆಗಳ ನಡುವೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗಿನ ಅಂತರ ಬೀಳುತ್ತದೆ. ಮೀನಿನ ಮಳಿಗೆಯ ಮುಂದೆಯೂ ಈ ಭೇದವಿದೆ. ಸಮುದ್ರಜೀವಿಗಳಲ್ಲಿ ಹನಫಿಗಳು ಮೀನನ್ನಷ್ಟೇ ಒಪ್ಪುವುದರಿಂದ, ಸಿಗಡಿ ಮೀನೇ ಅಲ್ಲವೇ ಎಂಬುದು ಅವರ ವಿದ್ವಾಂಸರಲ್ಲಿ ಹಳೆಯ ಚರ್ಚೆ. ಕಡಲ ತಡಿಯಲ್ಲಿ ಬೆಳೆದ ಶಾಫಿ ಪರಂಪರೆಗೆ ಸಿಗಡಿಯಾಗಲಿ ಬೊಂಡಾಸ್ ಆಗಲಿ ತೊಡಕಲ್ಲ.

ಪದವೊಂದು ಧರ್ಮದಿಂದ ಪೇಟೆಗೆ ಇಳಿದುದಕ್ಕೆ ಕನ್ನಡದ ‘ಜಕಾತಿ’ಯೇ ಸಾಕ್ಷಿ. ಸುಲ್ತಾನರ ಕಾಲದಲ್ಲಿ ವರ್ತಕರ ಸರಕಿನ ಮೇಲಿನ ಸುಂಕಕ್ಕೂ ‘ಜಕಾತ್’ ಎಂಬ ಹೆಸರೇ ಸಲ್ಲತೊಡಗಿ, ಅದು ಊರ ಹೊರಗಿನ ಕಟ್ಟೆಯಲ್ಲಿ ಪುರಸಭೆಗಳು ವಸೂಲಿ ಮಾಡುತ್ತಿದ್ದ ಜಕಾತಿಯಾಗಿ ಕನ್ನಡದಲ್ಲಿ ಉಳಿಯಿತು. 1979ರಲ್ಲಿ ಕರ್ನಾಟಕದಲ್ಲಿ ಆ ಸುಂಕ ರದ್ದಾದರೂ ಪದ ಸತ್ತಿಲ್ಲ. ಮೂಲದ ಜಕಾತ್ ಸರಕಾರದ ಸುಂಕವಾಗಿರದೆ ನಂಬಿಕೆಯ ಋಣವಾಗಿದ್ದು, ಭಾರತದ ಹನಫಿ ರೂಢಿಯಲ್ಲಿ ಏಳೂವರೆ ತೊಲ ಚಿನ್ನ ಅಥವಾ ಐವತ್ತೆರಡೂವರೆ ತೊಲ ಬೆಳ್ಳಿಯ ಬೆಲೆಯಷ್ಟು ಉಳಿತಾಯ ಒಂದು ಚಾಂದ್ರವರ್ಷ ಕೈಯಲ್ಲಿದ್ದವರಿಗೆ ಅನ್ವಯಿಸುತ್ತದೆ. ಅಂಗಡಿಯ ದಾಸ್ತಾನೂ ಈ ಲೆಕ್ಕಕ್ಕೆ ಒಳಪಡುವುದರಿಂದ, ರಂಜಾನಿನಲ್ಲಿ ಸರಕಿನ ಬೆಲೆ ಕಟ್ಟಿ ಬಡವರ ಪಾಲು ತೆಗೆದಿಡುವುದು ಅನೇಕ ವರ್ತಕರ ವಾರ್ಷಿಕ ಲೆಕ್ಕಪತ್ರದ ಭಾಗ.

ಇತ್ತೀಚಿನ ನೂರೈವತ್ತು ವರ್ಷಗಳಲ್ಲಿ ಈ ಹಳೆಯ ಭೇದಗಳ ಮೇಲೆ ಹೊಸವು ಬಂದು ಕೂತಿವೆ. 1866ರಲ್ಲಿ ಉತ್ತರ ಭಾರತದ ದೇವಬಂದಿನಲ್ಲಿ ಆರಂಭವಾದ ಮದರಸೆಯ ಪರಂಪರೆ ಮತ್ತು ದರ್ಗಾ ಸಂಸ್ಕೃತಿಯನ್ನು ಎತ್ತಿಹಿಡಿಯುವ ಬರೇಲಿಯ ಪರಂಪರೆ ಎರಡೂ ಹನಫಿಯೇ ಆದರೂ, ಉರುಸು, ಹರಕೆಗಳ ವಿಷಯದಲ್ಲಿ ಅವುಗಳ ನಿಲುವು ಬೇರೆ. ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಸಬೀಲುರ್ ರಶಾದ್ ಅರಬಿ ಕಾಲೇಜು ಧಾರ್ಮಿಕ ಶಿಕ್ಷಣಕ್ಕೆ, 1966ರ ಅಲ್-ಅಮೀನ್ ಶಿಕ್ಷಣ ಸಂಸ್ಥೆ ಆಧುನಿಕ ಶಿಕ್ಷಣಕ್ಕೆ ಹೆಸರಾದವು. ಮಾರುಕಟ್ಟೆಯ ಕಟ್ಟಡವೂ ಸುಮ್ಮನೆ ನಿಂತಿರಲಿಲ್ಲ. 2012ರ ಫೆಬ್ರುವರಿಯ ಬೆಂಕಿಯಲ್ಲಿ ನೂರಕ್ಕೂ ಹೆಚ್ಚು ಮಳಿಗೆಗಳು ಸುಟ್ಟುಹೋದರೂ ವ್ಯಾಪಾರ ಮತ್ತೆ ಅದೇ ಕಮಾನುಗಳ ಕೆಳಗೆ ಕೂಡಿಕೊಂಡಿತು.

ರಂಜಾನಿನ ಕೊನೆಯ ದಿನಗಳಲ್ಲಿ ಈ ಎಲ್ಲ ಚರಿತ್ರೆ ಒಂದು ತಕ್ಕಡಿಗೆ ಬಂದು ನಿಲ್ಲುತ್ತದೆ. ಈದ್ ಪ್ರಾರ್ಥನೆಗೆ ಮೊದಲೇ ಅನುಕೂಲವುಳ್ಳ ಪ್ರತಿಯೊಬ್ಬರೂ ಮನೆಯ ಮಕ್ಕಳನ್ನೂ ಸೇರಿಸಿ ತಲೆಗೆ ಇಷ್ಟೆಂದು ಬಡವರಿಗೆ ಆಹಾರ ಕೊಡಬೇಕಾದ ‘ಫಿತ್ರಾ’ ದಾನಕ್ಕೆ ಪ್ರವಾದಿಯವರ ಕಾಲದ ಮಾನ ‘ಸಾ’ ಎಂಬ ಅರಬ್ ಕೊಳಗ. ಹನಫಿಗಳು ಗೋಧಿಯಾದರೆ ಅರ್ಧ ಸಾ, ಅಂದರೆ ಸುಮಾರು 1.6ರಿಂದ 1.75 ಕಿಲೋ, ಖರ್ಜೂರವಾದರೆ ಒಂದು ಪೂರ್ತಿ ಸಾ, ಇಲ್ಲವೆ ಅವುಗಳ ಬೆಲೆಯಷ್ಟು ಹಣ ಕೊಡುತ್ತಾರೆ; ಶಾಫಿಗಳು ತಮ್ಮ ಊರಿನ ಮುಖ್ಯ ಆಹಾರವಾದ ಅಕ್ಕಿಯನ್ನು ಒಂದು ಪೂರ್ತಿ ಸಾ, ಸುಮಾರು 2.5ರಿಂದ 3 ಕಿಲೋದಷ್ಟು, ಧಾನ್ಯವಾಗಿಯೇ ಅಳೆಯುತ್ತಾರೆ. ಗೋಧಿಯ ದರ ಕೇಳಿ ಲೆಕ್ಕ ಹಾಕುವವರೂ ಅಕ್ಕಿಯ ಚೀಲ ಕಟ್ಟಿಸಿಕೊಳ್ಳುವವರೂ ಒಂದೇ ದಿನಸಿ ಅಂಗಡಿಯ ಮುಂದೆ ನಿಂತಿರುತ್ತಾರೆ. ಹಬ್ಬದ ದಿನ ಯಾರ ಮನೆಯಲ್ಲೂ ಒಲೆ ಆರಿರಬಾರದೆಂಬ ಕಟ್ಟಳೆ ಇಬ್ಬರಿಗೂ ಒಂದೇ. ಒಬ್ಬರ ಅಳತೆ ಖೈಬರ್ ಕಣಿವೆಯನ್ನು ದಾಟಿ ಬಂದದ್ದು, ಇನ್ನೊಬ್ಬರದು ಮುಂಗಾರಿನ ಗಾಳಿಗೆ ಹಾಯಿ ಬಿಚ್ಚಿ ಬಂದದ್ದು.